ತುಂಡಾಗದ ಗೆರೆ

ಮೇಡಂ ಅವರಿಗೆ ನಮಸ್ಕಾರಗಳು.

ರಾತ್ರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ಮಗಳ ಅಳು ಕೇಳಿ ಎದ್ದೆ. ಪರೀಕ್ಷೆಗೆಂದು ಪ್ರಯೋಗಾಲಯದಿಂದ ಮನೆಗೆ ತಂದಿದ್ದ ನಮ್ಮ ಉಸಿರು ತೋರಿಸುವ ಯಂತ್ರದ ತಂತಿಯನ್ನು ಅವಳು ಒದ್ದು ಕಿತ್ತಿದ್ದಳು. ಆದರೂ ಪರದೆಯ ಮೇಲೆ ಅವಳ ಉಸಿರಿನ ಗೆರೆ ನೆಮ್ಮದಿಯಾಗಿ ಏರಿಳಿಯುತ್ತಿತ್ತು. ಮತ್ತೆರಡು ಸಲ ಬೇಕೆಂದೇ ತಂತಿ ಕಿತ್ತು ಗಡಿಯಾರ ನೋಡಿದೆ. ಎರಡೂ ಸಲ ನಲವತ್ತು ಸೆಕೆಂಡಾದ ಮೇಲೆಯೇ ಎಚ್ಚರಿಕೆ ಕೂಗಿತು.

ತಪ್ಪು ನನ್ನದೇ. ಸಂಕೇತ ತಡವಾದಾಗ ಗೆರೆ ತುಂಡಾಗುತ್ತದೆ ಎಂದು ನಮ್ಮ ಪ್ರಬಂಧದ ಪರಿಶೀಲಕರು ಆಕ್ಷೇಪಿಸಿದ್ದರಲ್ಲ, ಆಗ ಹೊಸ ಸಂಕೇತ ಬರುವವರೆಗೆ ಹಿಂದಿನ ಉಸಿರನ್ನೇ ತೋರಿಸುವಂತೆ ಪ್ರೋಗ್ರಾಂ ತಿದ್ದಿದವಳು ನಾನು. ಹೊತ್ತಿಗೆ ತಲುಪದ ಸಂಕೇತ ಬಂದರೂ ಒಂದೇ, ಬಿಟ್ಟರೂ ಒಂದೇ ಎಂದು ಪ್ರಬಂಧದ ಮೊದಲ ಪುಟದಲ್ಲಿ ಬರೆದವಳೂ ನಾನೇ.

ಅತ್ತೆ ಎದ್ದು ಬಂದು, "ಅಲ್ಲಮ್ಮಾ, ಮಗು ಇಷ್ಟು ಕಿರುಚ್ತಾ ಇದ್ರೂ ನಿನ್ನ ಡಬ್ಬಾ ಹಾಯಾಗಿ ನಿದ್ದೆ ಮಾಡ್ತಿದೆಯಲ್ಲ!" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯಲ್ಲಿ ತಿಂಗಳು ತುಂಬದೆ ಹುಟ್ಟಿದ ಒಂಬತ್ತು ಕೂಸುಗಳಿಗೆ ಇದೇ ಯಂತ್ರ ಕಟ್ಟುತ್ತಾರೆ. ತಂತಿ ಕಳಚಿದಾಗ ಕೂಸಿನ ಉಸಿರು ನಿಂತರೂ ನಲವತ್ತು ಸೆಕೆಂಡು ಯಾರಿಗೂ ತಿಳಿಯುವುದಿಲ್ಲ.

ವಾರ್ಡಿಗೆ ಫೋನ್ ಮಾಡಿದೆ. "ನಿಮ್ಮ ಮೇಡಮ್ಮೇ ಹೇಳ್ಲಿ, ನಿಲ್ಲಿಸ್ತೀನಿ" ಎಂದರು ನರ್ಸ್. ನಿಮ್ಮ ಫೋನ್ ಆಫ್ ಆಗಿದೆ. ಅದಕ್ಕೇ ಈ ಪತ್ರವನ್ನು ನಮ್ಮ ಯಜಮಾನರ ಕೈಲಿ ಕಳಿಸುತ್ತಿದ್ದೇನೆ. ನೀವು ಬಾಗಿಲು ತೆರೆಯುವವರೆಗೂ ಬೆಲ್ ಒತ್ತುತ್ತಲೇ ಇರಲು ಹೇಳಿದ್ದೇನೆ, ಕ್ಷಮಿಸಿ. ಪ್ರಬಂಧದಿಂದ ನನ್ನ ಹೆಸರು ತೆಗೆದರೂ ಸರಿ. ಬೈಯುವುದಿದ್ದರೆ ನಾಳೆ ಬೈಯಿರಿ. ಬೆಳಗಾಗುವ ಮೊದಲು ವಾರ್ಡಿಗೆ ಒಂದೇ ಒಂದು ಫೋನ್ ಮಾಡಿ ಮೇಡಂ, ನಿಮ್ಮ ದಮ್ಮಯ್ಯ.

ನಿಮ್ಮ ವಿದ್ಯಾರ್ಥಿನಿ