ಹೊಂಡದ ನೀರು ನಿಲ್ಲಿಸಿದ ಮೇಲೆ

ಲಾಡ್ಜ್, ಅಡುಗೆಮನೆಯ ಹಿಂಬದಿ ಜಗಲಿ
ಏಪ್ರಿಲ್ ೧೪, ಸೋಮವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಹೇಗಿದ್ದೀಯಮ್ಮಾ? ಹೊಲಿಗೆ ಬಿಚ್ಚಿದರೇ? ಮೊಮ್ಮಗಳು ಹಗಲೆಲ್ಲ ಮಲಗಿ ರಾತ್ರಿ ಊರನ್ನೇ ಎಬ್ಬಿಸುತ್ತಾಳಂತೆ. ಥೇಟ್ ನಿನ್ನ ಹಾಗೆಯೇ. ನಿನ್ನಮ್ಮನ ಮಂಡಿನೋವು ಕಡಿಮೆಯಾಯಿತೇ? ನಾನು ಗಟ್ಟಿಯಾಗಿಯೇ ಇದ್ದೇನೆ. ಗುರುವಾರ ನೀವು ಮೂವರೂ ಬರುತ್ತೀರೆಂದು ದಿನ ಎಣಿಸುತ್ತಿದ್ದೇನೆ. ಕಾಡಿನೊಳಗೆ ಟವರ್ ಬೇಡವೆಂದು ಹಟ ಹಿಡಿದವಳು ನೀನೇ, ಹಾಗಾಗಿ ಫೋನಿಲ್ಲ. ಸಾಮಾನು ತರಲು ಪೇಟೆಗೆ ಹೊರಟ ಡ್ರೈವರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಲಾಡ್ಜನ್ನು ನೀನು ಬರೆದಿಟ್ಟು ಹೋದಂತೆಯೇ ನಡೆಸುತ್ತಿದ್ದೇನೆ. ಬೇಲಿಯಿಲ್ಲ, ಅಂಗಳದಲ್ಲಿ ದೀಪವಿಲ್ಲ, ಪ್ಲಾಸ್ಟಿಕ್ ಒಳಗೆ ಬರುವಂತಿಲ್ಲ, ಸಫಾರಿ ದಿನಕ್ಕೆ ಎರಡೇ ಸಲ. ಒಂದರಲ್ಲಿ ಮಾತ್ರ ಎಡವಿದೆ. ಸ್ನಾನದ ನೀರು ಮರಳಿನಲ್ಲಿ ಸೋಸಿ ಹೋಗಿ ಸೇರುವ ಹಿಂದಿನ ಹೊಂಡವನ್ನು ಬೇಸಿಗೆಗೆ ಮುಂಚೆಯೇ ಮುಚ್ಚಿಸಬೇಕೆಂದು ನೀನು ಸಾರಿ ಸಾರಿ ಹೇಳಿದ್ದೆ. ನನಗೆ ಮನಸ್ಸು ಬರಲಿಲ್ಲ. ಕಾಡಿನ ಕೆರೆ ಬತ್ತಿತ್ತು, ಜಿಂಕೆಗಳು ಮರಿಗಳನ್ನು ಕಟ್ಟಿಕೊಂಡು ಬರುತ್ತಿದ್ದವು. ಪಾಪ, ಕುಡಿಯಲಿ ಬಿಡು ಎಂದುಕೊಂಡೆ. ಕೊನೆಗೆ ನಲವತ್ತು ಜಿಂಕೆಗಳು ಅಲ್ಲೇ ಬೀಡುಬಿಟ್ಟವು, ಅವುಗಳ ಬೆನ್ನಿಗೆ ಚಿರತೆಯೂ ಬಂತು. ಅತಿಥಿಗಳು ಜೀಪು ಹತ್ತುವ ಗೋಜಿಲ್ಲದೆ ಊಟದ ಮೇಜಿನಿಂದಲೇ ಫೋಟೊ ತೆಗೆದರು. ನಾನೂ ಮೀಸೆ ತಿರುವಿದೆ, ಸುಳ್ಳೇಕೆ ಹೇಳಲಿ.

ಆಮೇಲೆ ಮಗುವಿನ ನೆನಪಾಯಿತು. ನೀವು ಬರುವಷ್ಟರಲ್ಲಿ ಎಲ್ಲ ಸರಿಯಾಗಲಿ ಎಂದು ಹೋದ ಮಂಗಳವಾರ ನೀರನ್ನು ಒಮ್ಮೆಲೇ ನಿಲ್ಲಿಸಿಬಿಟ್ಟೆ. ಎರಡೇ ದಿನದಲ್ಲಿ ಜಿಂಕೆಗಳು ಜಾಗ ಖಾಲಿ ಮಾಡಿದವು. ಚಿರತೆ ಹೋಗಲಿಲ್ಲ. ಹಸಿದುಕೊಂಡು ಇಲ್ಲೇ ಸುತ್ತುತ್ತಿದೆ. ಹಾಡಹಗಲೇ ಕೋತಿಗಳು ನಮ್ಮ ಮಾಡಿನ ಮೇಲೆ ಕಿರುಚುತ್ತವೆ, ಆಮೇಲೆ ಒಂದು ಹಕ್ಕಿಯ ಸದ್ದೂ ಇರುವುದಿಲ್ಲ. ಬಟ್ಟೆ ಒಗೆಯುವ ಹೆಂಗಸು ನೆನ್ನೆ ಬಕೆಟ್ ಬಿಸಾಕಿ ಓಡಿಬಂದಳು. "ಕೂಗಿದ್ರೂ ಕದಲ್ಲಿಲ್ಲ ಅಣ್ಣ, ನನ್ನನ್ನೇ ನೋಡ್ಕೊಂಡು ಕೂತಿತ್ತು" ಎಂದಳು. ಅತಿಥಿಗಳನ್ನು ಇಂದು ಬೆಳಿಗ್ಗೆ ವಾಪಸ್ ಕಳಿಸಿದೆ. ಬುಧವಾರ ಅರಣ್ಯ ಇಲಾಖೆಯವರು ಬೋನು ತರುತ್ತಾರಂತೆ. ಗುರುವಾರದೊಳಗೆ ಎಲ್ಲ ತಿಳಿಯಾಗುತ್ತದೆ, ಹೆದರಬೇಡ. ಬಂದು ಬೈಯುವುದಿದ್ದರೆ ಹೊಟ್ಟೆತುಂಬ ಬೈದುಬಿಡು. ಮೊಮ್ಮಗಳೆದುರು ಮಾತ್ರ ಬೇಡ.

ಮಗುವಿನ ಅಂಗಾಲಿಗೆ ಅಜ್ಜನ ಮುತ್ತು. ನಿನಗೂ ನಿನ್ನಮ್ಮನಿಗೂ ಒಳ್ಳೆಯದಾಗಲಿ.

ನಿನ್ನ
ಅಪ್ಪ

ತಾ.ಕ.: ಪುಟ್ಟಿ, ಗುರುವಾರ ಬರಬೇಡ. ನಾನಾಗಿಯೇ ಹೇಳಿಕಳಿಸುವ ತನಕ ಯಾರೂ ಬರಬೇಡಿ. ಲಕೋಟೆ ಅಂಟಿಸುವ ಮುಂಚೆ, ನೀವು ಬಂದು ಇಳಿಯಬೇಕಿದ್ದ ನಿನ್ನ ಟೆಂಟು ಗುಡಿಸೋಣವೆಂದು ಹೋದೆ. ಹಿಂಬದಿಯ ಕ್ಯಾನ್ವಾಸು ಮೇಲಿನಿಂದ ಕೆಳಗಿನವರೆಗೆ ಸೀಳಿದೆ. ಅಡುಗೆಯವನನ್ನೂ ಬಟ್ಟೆ ಒಗೆಯುವವಳನ್ನೂ ಇದೇ ಜೀಪಿನಲ್ಲಿ ಕಳಿಸುತ್ತಿದ್ದೇನೆ. ಬೋನು ತರುವವರಿಗೆ ಜಾಗ ತೋರಿಸಲು ಒಬ್ಬರಾದರೂ ಇರಬೇಕಲ್ಲ, ನಾನಿರುತ್ತೇನೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಮಗುವಿಗೆಂದು ಹಾಸಿಟ್ಟಿದ್ದ ಹಾಸಿಗೆಯ ತುಂಬ ಚಿರತೆಯ ಕೂದಲು. ಮುಟ್ಟಿ ನೋಡಿದೆ. ಇನ್ನೂ ಬೆಚ್ಚಗಿತ್ತು.