ನೀನು ತಿನ್ನದ ಪೈ

ಅಪ್ಪಾ,

ಇವತ್ತು ಮೆಲ್ಬರ್ನಿನಲ್ಲಿ ಡಾಕ್ಟರ್ ಪನಾಯೋಟಾ ನನ್ನ ಮುಖ ನೋಡಿ ನಕ್ಕರು. "ನೀನು ಕದ್ದು ಬ್ರೆಡ್ ತಿಂತಿಲ್ಲ, ನಂಗೊತ್ತು. ಗೋಧಿ ಆಗದ ಕಾಯಿಲೆ ನಿಮ್ಮನೇದು. ಆದ್ರೆ ಈಗ ನಿನ್ನ ಕರುಳಲ್ಲಿರೋ ಕೆಲವು ರೋಗನಿರೋಧಕ ಜೀವಕೋಶಗಳ ಜೀನೇ ಬದಲಾಗಿದೆ. ಗೋಧಿ ಬಿಟ್ರೂ ಅವು ಜಗಳ ನಿಲ್ಸಲ್ಲ. ಸುಮ್ಮನಾಗ್ಸೋಕೆ ಮಾತ್ರೆ ಇದೆ."

ಸಾಯುವ ಮುಂಚೆ ನೀನು ಸಂಶೋಧನೆಗೆ ಕೊಟ್ಟಿದ್ದ ಕರುಳಿನ ಚೂರಿನಲ್ಲೂ ಇಂಥವೇ ಜೀವಕೋಶಗಳಿದ್ದವಂತೆ. ನಿನ್ನಂಥವರು ಕೊಟ್ಟದ್ದರಿಂದಲೇ ಅವರು ಇದನ್ನು ಕಲಿತರಂತೆ.

ಗೋಧಿ ಬೆಳೆಯೋನಿಗೆ ಗೋಧಿ ಆಗಲ್ಲ ಅಂತ ನಮ್ಮ ಮಿನಿಪ್ ಊರೆಲ್ಲ ನಗುತ್ತಿತ್ತು. ಪಥ್ಯ ಮಾಡಿಯೂ ನೀನು ಸೊರಗುತ್ತಾ ಹೋದಾಗ ಅಮ್ಮ "ಕ್ಲೆಮ್, ಮತ್ತೆ ಬೇಕರಿಗೆ ಹೋಗಿದ್ಯಾ?" ಅಂತ ನಿನ್ನ ಪಿಕಪ್ ಗಾಡಿಯ ಗ್ಲವ್ ಬಾಕ್ಸ್ ತೆಗೆದು ಗೋಧಿ ಹಿಟ್ಟಿನ ಪೈ ಚೂರು ಹುಡುಕುತ್ತಿದ್ದಳು. ನಾನು ಟಾರ್ಚ್ ಹಿಡಿಯುತ್ತಿದ್ದೆ. "ಸಿಕ್ಕಿದ್ರೆ ನಂಗೂ ಒಂದು ತುಂಡು ಕೊಡ್ರೇ" ಅಂತ ನೀನು ನಗುತ್ತಿದ್ದೆ.

ಮೊದಲ ಮಾತ್ರೆಯನ್ನು ನಿನ್ನ ಹೆಸರು ಹೇಳಿ ನುಂಗಿದೆ. ಹೊಟ್ಟೆ ತುಂಬ ಉಣ್ಣುವ ದಿನ ಬಂದರೆ ಅದು ನಿನ್ನ ಕೊಡುಗೆ, ಅಪ್ಪಾ.

ಮನೆಗೆ ಬಂದು ಅಮ್ಮನಿಗೆ ಎಲ್ಲಾ ಹೇಳಿದೆ. ಅವಳು ಶೆಡ್ಡಿಗೆ ಹೋಗಿ ನಿನ್ನ ಪಿಕಪ್ಪಿನಲ್ಲಿ, ನಿನ್ನ ಪಕ್ಕ ತಾನು ಯಾವಾಗಲೂ ಕೂರುತ್ತಿದ್ದ ಕಡೆಯೇ ಕೂತಳು. ತುಂಬಾ ಹೊತ್ತು ಕೂತಿದ್ದಳು.

ಗ್ಲವ್ ಬಾಕ್ಸ್ ಮುಟ್ಟಲಿಲ್ಲ.