ಹುಳ ಎಬ್ಬಿಸುವ ಪದಕ್ಕೆ ಕೊಟ್ಟ ಮರ್ಯಾದೆಯನ್ನು ಹಿಂತೆಗೆದುಕೊಳ್ಳಿ

ಸೀಮೆಗೀತೆಯನ್ನು ಗೊತ್ತುಮಾಡಿದ ಸಭೆಯ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ, ಮೊದಲು ನನ್ನ ಕೈಬರಹವನ್ನು ಮನ್ನಿಸಬೇಕು. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೈ. ಬೆರಳಿನ ಸಂದಿಗಳು ಒಡೆದಿವೆ, ಲೇಖನಿ ನಿಲ್ಲುವುದಿಲ್ಲ. ನಾಲ್ಕನೆಯ ತರಗತಿಯ ತನಕ ಮಾತ್ರ ಓದಿದವಳು, ಕಾಗುಣಿತದಲ್ಲಿ ತಪ್ಪುಗಳಿರುತ್ತವೆ. ಇದರ ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ಅವರು ಅಕ್ಷರಗಳನ್ನು ತಿದ್ದಿ ಅಚ್ಚು ಹಾಕಲಿ, ಆದರೆ ಇದರೊಳಗಿನ ಹೆಸರುಗಳನ್ನು ಮಾತ್ರ ತಿದ್ದಬಾರದೆಂದು ಕೇಳಿಕೊಂಡಿದ್ದೇನೆ. ನಾಲ್ಕು ಜನರ ಮುಂದೆ ಬಾಯಿ ಬಿಡುವ ಅಭ್ಯಾಸ ನನಗಿಲ್ಲ. ಆದ್ದರಿಂದಲೇ ಬರೆಯುತ್ತಿದ್ದೇನೆ. ಬರೆಯುವುದಿಷ್ಟೇ: ತಾವು ನಮ್ಮ ಹಾಡೊಂದಕ್ಕೆ ದೊಡ್ಡ ಮರ್ಯಾದೆ ಮಾಡಿದ್ದೀರಿ. ದಯಮಾಡಿ ಆ ಮರ್ಯಾದೆಯನ್ನು ಹಿಂತೆಗೆದುಕೊಳ್ಳಿ.

ಇದೇನು ವಿಚಿತ್ರ ಅರ್ಜಿ ಎಂದು ತಾವು ನಗಬಹುದು. ತಂತಮ್ಮ ಊರಿನ ಹಾಡು ಸರ್ಕಾರಿ ಸಭೆಗಳಲ್ಲಿ, ಶಾಲೆಗಳಲ್ಲಿ, ಬ್ಯಾಂಡಿನೊಡನೆ ಮೊಳಗಬೇಕೆಂದು ಎಷ್ಟೋ ಸೀಮೆಯವರು ಕಾದಿರುತ್ತಾರೆ. ನಮಗೆ ಅದು ಕೇಳದೆಯೇ ದೊರಕಿದೆ. ರಾಮದೇವರ ಬೆಟ್ಟದ ಬುಡದ ಕ್ಲೋಸ್‌ಪೇಟೆ, ಚನ್ನಪಟ್ಟಣ, ಕಾನಕಾನಹಳ್ಳಿ, ಮಾಗಡಿ, ಈ ನಾಲ್ಕೂ ಕಡೆಯ ಜನ ಒಂದೇ ಕಂಠದಿಂದ ಹಾಡಿದರೆ ಸೀಮೆಗೆ ಒಂದು ಗುರುತು ಉಂಟಾಗುತ್ತದೆಂದು ತಾವು ಚನ್ನಪಟ್ಟಣದ ಸಭೆಯಲ್ಲಿ ಭಾಷಣ ಮಾಡಿದಿರಿ. ಆ ಭಾಷಣ ನಾನು ಕೇಳಿದೆ, ಹೆಂಗಸರ ಚಾಪೆಯಲ್ಲಿ ಕೂತು. ಚೆನ್ನಾಗಿತ್ತು. ಗುರುತು ಇಲ್ಲದ ಜನ ನಾವೆಂದು ಆವತ್ತಿನವರೆಗೆ ನಮಗೇ ತಿಳಿದಿರಲಿಲ್ಲ.

ತಪ್ಪು ತಿಳಿಯಬೇಡಿ. ಮಹಾರಾಜ ಮಹಾಸ್ವಾಮಿಯವರ ವರ್ಧಂತಿಯ ದಿನ ಹಾಡುವ ಹಾಡಿಗೆ ನಾವು ಎದ್ದು ನಿಲ್ಲುತ್ತೇವೆ, ಕೈ ಮುಗಿಯುತ್ತೇವೆ. ಅದರ ಅರ್ಥ ನಮ್ಮಲ್ಲಿ ಅನೇಕರಿಗೆ ತಿಳಿಯದು, ತಿಳಿಯಬೇಕೆಂದು ಯಾರೂ ಹಟ ಹಿಡಿದಿಲ್ಲ. ಅದು ಅರಮನೆಯಿಂದ ಬಂದದ್ದು, ಅರಮನೆಯದು. ನನ್ನ ತಕರಾರು ನಮ್ಮ ಹುಳದ ಮನೆಯಿಂದ ಹೋದ ಹಾಡಿನ ಮೇಲೆ.

ಅದು ಹಾಡು ಎನ್ನುವುದಕ್ಕಿಂತ ಒಂದು ಕೆಲಸ. ರೇಷ್ಮೆಹುಳ ನಾಲ್ಕು ಸಲ ಊಟ ಬಿಟ್ಟು, ತಲೆ ಎತ್ತಿಕೊಂಡು ಅಲುಗದೆ ಕೂರುತ್ತದೆ, ಆಮೇಲೆ ಪೊರೆ ಕಳಚುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳಕ್ಕೆ ಮೊದಲ ಸೊಪ್ಪು ಹಾಕುವಾಗ ಮನೆಯವರೆಲ್ಲ ಹುಳ ಸಾಕುವ ಬಿದಿರು ತಟ್ಟೆಗಳ ಸುತ್ತ ನಿಂತು, ದನಿ ಏರಿಸದೆ, ಮಗುವನ್ನು ಎಬ್ಬಿಸುವ ಹಾಗೆ ಹೇಳುವ ಪದ ಅದು:

ಏಳ್ರವ್ವ ಏಳಿರಿ ಹುಳವೆ, ಸೊಪ್ಪು ಬಂತು ಬಾಗ್ಲೀಗೆ
ರಾಮದೇವರ ಬೆಟ್ಟಕೆ ಬೆಳಕು ಬಂತು ನೆತ್ತೀಗೆ
ಇಂದು ಕೊಯ್ದೋಳು ನಾನವ್ವ, ಅಂದು ಕೊಯ್ದೋಳು...

ಇಲ್ಲಿ ನಿಲ್ಲಿಸಿದ್ದೇನೆ. ಏಕೆಂದರೆ ಇಲ್ಲಿಂದ ಮುಂದೆ ಬರುವುದು ಮಾತಲ್ಲ, ಹೆಸರು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಅದಾದ ಮೇಲಿನ ಮೊದಲ ಹುಳದ ಬೆಳೆಯಲ್ಲಿ ಅವರ ಹೆಸರು ಆ ಜಾಗಕ್ಕೆ ಬರುತ್ತದೆ. ಅದನ್ನು ಹೇಳಬೇಕಾದದ್ದು ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಮಗು. ಒಂದೇ ಸಲ. ಹುಳ ಸೊಪ್ಪಿಗೆ ಬಾಯಿ ಹಾಕಿದ ಮೇಲೆ ಮತ್ತೆ ಹೇಳುವ ಹಾಗಿಲ್ಲ, ಮುಂದಿನ ಬೆಳೆಗೂ ಹೇಳುವ ಹಾಗಿಲ್ಲ. ಸೊಪ್ಪು ಹಾಕುತ್ತಿದ್ದ ಕೈ ಬದಲಾಗಿದೆ ಎಂದು ಹುಳಕ್ಕೆ ಹೇಳಿದರೆ ಅದು ಹೋದವರನ್ನು ನೂಲಿನಲ್ಲಿ ಸುತ್ತಿ ಬೆಚ್ಚಗೆ ಇಡುತ್ತದಂತೆ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಯಾರೂ ಸಾಯದ ವರ್ಷ ಆ ಜಾಗದಲ್ಲಿ ಸುಮ್ಮನೆ ಉಸಿರು ಬಿಟ್ಟು ಮುಂದೆ ಹೋಗುತ್ತೇವೆ.

ತಮ್ಮ ಸಭೆಯ ಇಬ್ಬರು ಮಹನೀಯರು ಜಟಕಾ ಬಂಡಿಯಲ್ಲಿ ನಮ್ಮ ಹಳ್ಳಿಗೆ ಬಂದದ್ದು ಅಂಥ ಒಳ್ಳೆಯ ವರ್ಷದಲ್ಲಿ. ಕೆಂಗಲ್ಲಿನ ಆಂಜನೇಯನಿಗೆ ಕೈ ಮುಗಿದು ಹಾಗೇ ಇತ್ತ ಬಂದಿದ್ದರು. ನಮ್ಮ ಅಜ್ಜಿ ದೊಡ್ಡಲಕ್ಷ್ಮಮ್ಮ ಜಗಲಿಯ ಮೇಲೆ ಕೂತು ಪದ ಹೇಳಿದಳು, ಅವರಲ್ಲಿ ಒಬ್ಬರು ಬರೆದುಕೊಂಡರು. ಆ ಜಾಗಕ್ಕೆ ಬಂದಾಗ ಕೇಳಿದರು:

"ಇಲ್ಲಿ ಏನು ಬರೆಯೋಣ, ಅಜ್ಜಿ?"

"ಯಾರು ಹೋಗವ್ರೋ ಅವ್ರ ಹೆಸ್ರು ಬರ್ಕಳಿ ಸೋಮಿ."

"ಈಗ ಯಾರು ಹೋಗಿದ್ದಾರೆ?"

"ಈಗ ಯಾರೂ ಇಲ್ಲ ಕಣಪ್ಪ, ದ್ಯಾವ್ರು ದೊಡ್ಡೋನು. ಖಾಲಿ ಬುಡಿ."

"ಖಾಲಿ ಬಿಡಲಿಕ್ಕಾಗುವುದಿಲ್ಲ. ಪದ್ಯ ಕುಂಟುತ್ತದೆ."

"ಕುಂಟ್ಲಿ ಬುಡಿ. ನಾನೂ ಕುಂಟ್ತಿಲ್ವಾ? ಇಷ್ಟು ವರ್ಸ ಬಂದಿಲ್ವಾ ನಿಮ್ಮಟ್ಟಿ ಗಂಟ ರೇಸ್ಮೆ?"

ಅವರು ನಕ್ಕರು. ಮಜ್ಜಿಗೆ ಕುಡಿದರು. ಹೋದರು.

ಚನ್ನಪಟ್ಟಣದ ಸಭೆಗೆ ಅಜ್ಜಿಯನ್ನೂ ಕರೆಸಿದ್ದಿರಿ, ಅದನ್ನು ಮರೆಯುವವಳಲ್ಲ. ಬ್ಯಾಂಡು ಬಾರಿಸಿತು, ಶಾಲೆಯ ಹುಡುಗರು ಸಾಲಾಗಿ ನಿಂತು ಹಾಡಿದರು, ಎಲ್ಲರೂ ಚಪ್ಪಾಳೆ ತಟ್ಟಿದರು, ಅಜ್ಜಿಯೂ ತಟ್ಟಿದಳು. ಆಮೇಲೆ ನನ್ನ ಕಿವಿಯಲ್ಲಿ ಕೇಳಿದಳು, "ಬಲು ಚಂದಾಗಿತ್ತು ಕಣವ್ವ. ನಮ್ದು ಯಾವಾಗ ಹೇಳ್ತಾರೆ?" ಆಗಲೇ ಆಯಿತು, ಅದೇ ನಮ್ಮದು ಎಂದೆ. ಅವಳು ನಂಬಲಿಲ್ಲ. ನಂಬುವುದಾದರೂ ಹೇಗೆ? "ಏಳ್ರವ್ವ ಏಳಿರಿ ಹುಳವೆ" ಎಂಬುದು "ಏಳು ಮಂಗಳ ಸೀಮೆಯೇ" ಎಂದಾಗಿತ್ತು. ಹುಳ ಎಂಬ ಮಾತು ಸಭೆಗೆ ಶೋಭಿಸುವುದಿಲ್ಲವೆಂದು ಪಂಡಿತರು ತೆಗೆದರಂತೆ. ತಾವು ಆವತ್ತು ಸುತ್ತಿದ್ದ ಜರಿಯ ರೇಷ್ಮೆ ರುಮಾಲು ಮಾತ್ರ ಸಭೆಗೆ ಬಹಳ ಶೋಭಿಸುತ್ತಿತ್ತು. ಅದು ಎಲ್ಲಿಂದ ಬಂತೆಂದು ಪಂಡಿತರನ್ನು ಕೇಳಿದಿರಾ? ಇನ್ನು ಆ ಖಾಲಿ ಜಾಗ. ಅಲ್ಲಿ "ಅಂದು ಪೊರೆದಳು ಸಿರಿದೇವಿ" ಎಂದು ಕೂರಿಸಿದ್ದಿರಿ. ಪದ್ಯ ಕುಂಟಲಿಲ್ಲ. ನೆಟ್ಟಗೆ ನಡೆಯಿತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಸಭೆಯ ಹಾಡು ಸಭೆಗೆ, ಹುಳದ ಪದ ಹುಳಕ್ಕೆ ಎಂದುಕೊಂಡು ಸುಮ್ಮನಿದ್ದೆವು. ಆದರೆ ಹೋದ ಮಹಾನವಮಿಯ ಹೊತ್ತಿಗೆ ಆ ಕೆಟ್ಟ ಜ್ವರ ಬಂತು, ಪತ್ರಿಕೆಗಳು ಇನ್‌ಫ್ಲುಯೆಂಜಾ ಎಂದು ಬರೆದ ಜ್ವರ. ಅದು ಏನು ಮಾಡಿತೆಂದು ತಮಗೆ ಹೇಳಬೇಕಾಗಿಲ್ಲ. ನಮ್ಮ ಹಳ್ಳಿಯಲ್ಲಿ ಹೊರುವವರು ಸಿಕ್ಕದೆ ಸೊಪ್ಪಿನ ಗಾಡಿಯಲ್ಲಿ ಸಾಗಿಸಿದೆವು. ನಮ್ಮ ತಾಯಿ ಚಿನ್ನಮ್ಮನೂ ಆ ಗಾಡಿಯಲ್ಲೇ ಹೋದಳು.

ಶಾಲೆ ಮತ್ತೆ ತೆರೆದ ಮೇಲೆ ನಂಜುಂಡಯ್ಯ ಮೇಷ್ಟ್ರು ಮಕ್ಕಳಿಂದ ಸೀಮೆಗೀತೆ ಹಾಡಿಸಿದರು. ನನ್ನ ತಂಗಿ ಕಬ್ಬಾಳಿ ಅಲ್ಲಿ ಎರಡನೆಯ ತರಗತಿ. ಆ ಸಾಲು ಬಂದಾಗ ಒಂದು ಮಗುವೂ ಸಿರಿದೇವಿ ಎನ್ನಲಿಲ್ಲವಂತೆ. ಮನೆಯಲ್ಲಿ ಹೇಳಬೇಕಾಗಿದ್ದ ಹೆಸರನ್ನು ಅಲ್ಲೇ ಹೇಳಿಬಿಟ್ಟವು. ಒಂದು ಅಪ್ಪನ ಹೆಸರು ಹೇಳಿತು, ಒಂದು ಅಕ್ಕನದು, ಒಂದು ತೊಟ್ಟಿಲ ಕೂಸಿನದು. ಎಲ್ಲವೂ ಒಟ್ಟಿಗೆ. ಆವತ್ತು ತಮ್ಮ ಸಭೆಯವರೊಬ್ಬರು ಅಭ್ಯಾಸ ನೋಡಲು ಬಂದಿದ್ದರು. ಅವರಿಗೆ ಅದು ಗಲಾಟೆ ಎಂದು ಕೇಳಿಸಿತು. ಹಾಡಿನ ಒಂದಕ್ಷರವನ್ನೂ ಬದಲಿಸಕೂಡದು, ಬದಲಿಸಿದವರನ್ನು ಶಿಕ್ಷಿಸತಕ್ಕದ್ದು ಎಂದು ತಮ್ಮ ಹುಕುಂ ಬಂತು. ಮೇಷ್ಟ್ರು ಒಳ್ಳೆಯವರು, ಆದರೆ ಅವರಿಗೂ ಸಂಸಾರವಿದೆ. ಬೆತ್ತ ತೆಗೆದರು. ಕಬ್ಬಾಳಿಯ ಅಂಗೈ ಊದಿಕೊಂಡು ಬಂತು. ರಾಗಿಹಿಟ್ಟಿನ ಪಟ್ಟು ಹಾಕಿ ಕಟ್ಟಿದೆ. ಆಮೇಲೆ ಅವಳಿಗೆ ಹಾಡು ಸರಿಯಾಗಿ ಬಂತು.

ತಾಯಿ ಹೋದ ಮೇಲಿನ ಮೊದಲ ಬೆಳೆ ಸಂಕ್ರಾಂತಿಗೆ ಮುಂಚೆ ನಾಲ್ಕನೆಯ ಜ್ವರದಿಂದ ಎದ್ದಿತು. ಬೆಳಿಗ್ಗೆ ಸೊಪ್ಪು ತಂದೆವು, ಇಬ್ಬನಿ ಆರಿಸಿದೆವು. ಅಜ್ಜಿ, ಅಪ್ಪ, ನಾನು, ಕಬ್ಬಾಳಿ ತಟ್ಟೆಗಳ ಸುತ್ತ ನಿಂತೆವು. ಅಜ್ಜಿ ಮೊದಲೆರಡು ಸಾಲು ಹೇಳಿ ಕಬ್ಬಾಳಿಯ ಬೆನ್ನು ಮುಟ್ಟಿದಳು. ಮಗು ಎರಡು ಕೈಗಳನ್ನೂ ತೊಡೆಗೆ ಒತ್ತಿಕೊಂಡು, ಎದೆ ಸೆಟೆಸಿ, ಗೋಡೆ ನೋಡುತ್ತಾ, ಶಾಲೆಯಲ್ಲಿ ನಿಲ್ಲುವ ಹಾಗೆ ನಿಂತಿತು. ಸ್ಪಷ್ಟವಾಗಿ, ಒಂದಕ್ಷರ ತಪ್ಪಿಲ್ಲದೆ ಹಾಡಿತು: "ಅಂದು ಪೊರೆದಳು ಸಿರಿದೇವಿ."

ಸೊಪ್ಪು ಆಗಲೇ ತಟ್ಟೆಗೆ ಬಿದ್ದಿತ್ತು. ಮಳೆ ಹನಿಯುವಂಥ ಸದ್ದು ಶುರುವಾಯಿತು, ಹುಳ ಮೇಯುವ ಸದ್ದು.

ಅಜ್ಜಿ ಬೈಯದೆ, ನಿಜಕ್ಕೂ ತಿಳಿಯದವಳ ಹಾಗೆ ಕೇಳಿದಳು:

"ಯಾರವ್ವ ಅವ್ಳು ಸಿರಿದೇವಿ? ನಮ್ಮನೇಲಿ ಅಂಥೋಳು ಯಾರೂ ಸತ್ತಿಲ್ವಲ್ಲ ಮಗಾ?"

"ಹೆಸ್ರು ಹಾಕಿದ್ರೆ ಹೊಡೀತಾರೆ ಅಜ್ಜಿ," ಎಂದಿತು ಕಬ್ಬಾಳಿ. ಆಗ ಅದಕ್ಕೆ ತಾನು ಏನು ಹೇಳಿದೆನೆಂದು ತಿಳಿಯಿತು. ಬಾಯಿಗೆ ಕೈ ಹಿಡಿಯಿತು. "ಇನ್ನೊಂದ್ಸಲ ಹೇಳ್ತೀನಿ. ಈಗ ಹೇಳ್ತೀನಿ ಅಜ್ಜಿ, ಒಸಿ ತಡ್ಕಳಿ, ಈಗ ಹೇಳ್ಬುಡ್ತೀನಿ..."

"ಬ್ಯಾಡ ಬುಡು. ಬಾಯಾಕ್ಬುಟ್ಟವು."

ಅಪ್ಪ ಹೊರಗೆ ಹೋಗಿ, ಕಟ್ಟಿದ್ದ ಎತ್ತನ್ನೇ ಬಿಚ್ಚಿ ಮತ್ತೆ ಕಟ್ಟಿದ. ಕಬ್ಬಾಳಿ ತಟ್ಟೆಯ ಅಂಚು ಹಿಡಿದುಕೊಂಡು ಹುಳಗಳ ಮೇಲೆ ಬಗ್ಗಿ, ನಿಲ್ಲಿಸಿ, ನಿಲ್ಲಿಸಿ ಎಂದು ಅವನ್ನೇ ಕೇಳಿಕೊಂಡಿತು.

ಆ ಬೆಳೆಯ ಗೂಡನ್ನು ಎಂದಿನಂತೆ ಕ್ಲೋಸ್‌ಪೇಟೆಯ ಬಿಸ್ಮಿಲ್ಲಾ ಬೀಯವರ ನೂಲು ತೆಗೆಯುವ ಮನೆಗೆ ಒಯ್ದೆವು. ಹಿಂದೆ ಪ್ಲೇಗಿನಲ್ಲಿ ಅವರ ಮಗ ಮುನಾವರ್ ಹೋದಾಗ, ನಮ್ಮ ಗೂಡು ಬೇಯುವುದು ಅವರ ಒಲೆಯ ಮೇಲೆ ಎಂದು ಅಜ್ಜಿ ಅವನ ಹೆಸರನ್ನು ನಮ್ಮ ಮನೆಯಲ್ಲೇ ಹೇಳಿಸಿದ್ದಳು. ಆವತ್ತಿನಿಂದ ಆ ತಾಯಿ ನಮ್ಮ ಗೂಡನ್ನು ಕಣ್ಣಿಗೊತ್ತಿಕೊಳ್ಳದೆ ಬಿಸಿನೀರಿಗೆ ಹಾಕಿದವರಲ್ಲ. ಈ ಸಲವೂ ಮುಷ್ಟಿ ಗೂಡು ಎತ್ತಿಕೊಂಡು, "ಇದ್ರಾಗೆ ನಮ್ ಚಿನ್ನಮ್ಮ ಅವ್ಳೆ, ಅಲ್ವಾ ಬೇಟಿ?" ಎಂದರು. ಇಲ್ಲ ಎಂದೆ. ನಡೆದದ್ದನ್ನು ಹೇಳಿದೆ. ಅವರು ಗೂಡನ್ನು ಹಾಗೇ ಬುಟ್ಟಿಗೆ ಇಳಿಸಿದರು. "ಯಾ ಅಲ್ಲಾ! ಸರ್ಕಾರದೋರಿಗೆ ನಿಮ್ಮಮ್ಮನ ಹೆಸ್ರು ಏನ್ ಭಾರ ಆಗಿತ್ತು?" ಎಂದು ಕೇಳಿದರು.

ಮಾನ್ಯರೇ, ಈ ಪ್ರಶ್ನೆಯನ್ನು ತಮಗೇ ಒಪ್ಪಿಸುತ್ತೇನೆ. ಉತ್ತರ ತಿಳಿದಿದ್ದರೆ ಬರೆಯಿರಿ, ನಾನು ಹೋಗಿ ಹೇಳಿ ಬರುತ್ತೇನೆ.

ಸೀಮೆಗೆ ಗುರುತು ಬೇಕೆಂದಿರಿ. ಯಾರಿಗೆ ಗುರುತಾಗಬೇಕು? ನಮ್ಮ ಬೆಟ್ಟಗಳನ್ನು ನಾವು ಕತ್ತಲಲ್ಲೂ ಗುರುತು ಹಿಡಿಯುತ್ತೇವೆ. ಹೊರಗಿನವರಿಗೆ ನಾವು ಗುರುತಾಗಲೆಂದು, ನಮ್ಮವರೇ ನಮಗೆ ಗುರುತು ಸಿಕ್ಕದ ಹಾಗೆ ಮಾಡುವುದು ಯಾವ ಅಭಿಮಾನ? ನಾಲ್ಕು ಊರಿನವರು ಒಂದೇ ಮಾತು ಹೇಳಿದರೆ ಒಗ್ಗಟ್ಟು ಎಂದು ತಾವು ತಿಳಿದಿದ್ದೀರಿ. ನಮ್ಮ ಪದದಲ್ಲಿ ಒಂದೊಂದು ಮನೆಯೂ ಒಂದೊಂದು ಹೆಸರು ಹೇಳುತ್ತಿತ್ತು, ಆದರೂ ಚನ್ನಪಟ್ಟಣದ ಆಚೆಯವಳು ಹೇಳಿದರೆ ಮಾಗಡಿಯವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಅದಕ್ಕೆ ಹುಕುಂ ಬೇಕಾಗಿರಲಿಲ್ಲ, ಬೆತ್ತವೂ ಬೇಕಾಗಿರಲಿಲ್ಲ.

ತಮ್ಮ ಮನೆಯಲ್ಲೂ ಆ ಜ್ವರಕ್ಕೆ ಒಂದು ಮಗು ಹೋಯಿತೆಂದು ಮೇಷ್ಟ್ರು ಹೇಳಿದರು. ಕೇಳಿ ಸಂಕಟವಾಯಿತು. ಇದನ್ನು ಬರೆಯಬಾರದೇನೋ, ಆದರೂ ಕೇಳುತ್ತೇನೆ. ಸಭೆಗಳಲ್ಲಿ ಹುಡುಗರು ಸಿರಿದೇವಿ ಎಂದು ಹಾಡುವಾಗ ತಾವೂ ಎದ್ದು ನಿಂತಿರುತ್ತೀರಿ. ಆಗ ತಮಗೆ ಬೇರೊಂದು ಹೆಸರು ನಾಲಗೆಯ ತುದಿಗೆ ಬರುವುದಿಲ್ಲವೇ?

ನಾನು ಬೇಡುವುದು ಇಷ್ಟು. ನಮ್ಮ ಪದವನ್ನು ಸೀಮೆಗೀತೆ ಎಂಬ ಪದವಿಯಿಂದ ಇಳಿಸಿಬಿಡಿ. ತಮಗೆ ಹಾಡು ಬೇಕಾದರೆ ಪಂಡಿತರಿದ್ದಾರೆ, ಹೊಸದೊಂದನ್ನು ಮೊದಲಿನಿಂದ ಬರೆಯಲಿ, ಸೀಮೆಯ ಸಿರಿಯನ್ನೆಲ್ಲ ಹೊಗಳಲಿ, ನಾವೂ ಎದ್ದು ನಿಲ್ಲುತ್ತೇವೆ. ನಮ್ಮದನ್ನು ಇಳಿಸಲು ಆಗುವುದೇ ಇಲ್ಲವೆಂದಾದರೆ ಆ ಒಂದು ಜಾಗವನ್ನಾದರೂ ಖಾಲಿ ಮಾಡಿಕೊಡಿ, ಮತ್ತು ಅಲ್ಲಿ ಹೆಸರು ಹೇಳಿದ ಮಗುವನ್ನು ಹೊಡೆಯಕೂಡದೆಂದು ಇನ್ನೊಂದು ಹುಕುಂ ಕಳಿಸಿ. ನಮ್ಮ ತಾಯಿಗೆ ಇದರಿಂದ ಪ್ರಯೋಜನವಿಲ್ಲ. ಅವಳ ಸರದಿ ಮುಗಿಯಿತು. ಇನ್ನೂ ಬೆಳೆ ಎತ್ತದ ಮನೆಗಳು ಕಾನಕಾನಹಳ್ಳಿಯ ಕಡೆ, ದೊಡ್ಡಆಲಹಳ್ಳಿಯ ಕಡೆ ಇವೆ. ಅಲ್ಲಿಯೂ ಶಾಲೆಗಳಿವೆ, ಅಲ್ಲಿಯೂ ಮನೆಗೆ ಚಿಕ್ಕದೊಂದು ಮಗುವಿದೆ. ಅವರಿಗಾಗಿ ಬೇಗ ಮಾಡಿ.

ಇವತ್ತು ನಮ್ಮ ಶಾಲೆಗೆ ತಮ್ಮ ಸಭೆಯವರು ಮತ್ತೆ ಹಾಡು ಕೇಳಲು ಬರುವರಂತೆ. ಬೆಳಿಗ್ಗೆ ಕಬ್ಬಾಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿದೆ. ಹೊಸಿಲು ದಾಟುವಾಗ ಕೈ ಹಿಡಿದು ನಿಲ್ಲಿಸಿ, "ಮೇಷ್ಟ್ರು ಹೇಳಿಕೊಟ್ಟ ಹಾಗೇ ಹಾಡ್ಬುಡು ಮಗಾ, ಏಟು ತಿನ್ಬ್ಯಾಡ," ಎಂದು ಹೇಳಿ ಕಳಿಸಿದೆ.

ಇಂತಿ, ತಮ್ಮ ಗೀತೆಯಲ್ಲಿ ಎಡೆ ಸಿಕ್ಕದ ಚಿನ್ನಮ್ಮನ ದೊಡ್ಡ ಮಗಳು,
ಕೆಂಗಲ್ಲಿನ ಬಳಿಯ ಒಂದು ಹುಳದ ಮನೆಯಿಂದ